ಗಂಡನ ಹೆಸರು ಹೇಳದ ಸೊಸೆ

ನನ್ನ ತಮ್ಮನ ಹೆಂಡತಿ ಪೋಲೆಂಡ್ ದೇಶದವಳು. ಇದನ್ನು ಹೇಳಿದ ಕೂಡಲೇ ಕೇಳುವವರ ಹುಬ್ಬು ಮೇಲೇರುತ್ತದೆ, ಅದಕ್ಕೇ ಮೊದಲೇ ಹೇಳಿ ಮುಗಿಸುತ್ತಿದ್ದೇನೆ. ಕೈಮಗ್ಗದ ಸೀರೆ ನೇಯುವುದನ್ನು ಕಲಿಯಲು ಗಜೇಂದ್ರಗಡಕ್ಕೆ ಬಂದವಳು ನಮ್ಮ ಮನೆಯ ಮಗ್ಗದ ಮುಂದೆ ಕುಳಿತಳು. ಸೀರೆಯ ಒಡಲಿಗೂ ಸೆರಗಿಗೂ ಕೊಂಡಿ ಹಾಕಿ ಕೂಡಿಸುವುದನ್ನು ನನ್ನ ತಮ್ಮ ಕಲಿಸಿದ. ಆ ಕೆಲಸಕ್ಕೆ ಇಬ್ಬರಿದ್ದರೆ ಸಲೀಸು. ಮೊದಲ ಸಲ ಮೂರು ತಿಂಗಳಿದ್ದು ಹೋದಳು. ಎರಡನೆಯ ಸಲ ಬಂದಾಗ ಅವಳ ಚೀಲದಲ್ಲಿ ಅವಳಿಗಿನ್ನೂ ಮದುವೆಯಾಗಿಲ್ಲವೆಂದು ಅವಳ ಊರಿನ ಕಚೇರಿಯವರು ಬರೆದುಕೊಟ್ಟ ಪತ್ರವಿತ್ತು, ನನ್ನ ತಮ್ಮನನ್ನು ಮದುವೆಯಾಗಲೆಂದು.

ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಝೆರಾಕ್ಸ್ ಅಂಗಡಿ. ಪಹಣಿ, ರೇಷನ್ ಕಾರ್ಡು, ಪಿಂಚಣಿ, ಊರಿನವರ ಎಲ್ಲ ಅರ್ಜಿಗಳೂ ನನ್ನ ಕೈಯಿಂದಲೇ ಹೋಗುತ್ತವೆ. ಹಾಗಾಗಿ ಈ ಮದುವೆಯ ಕಾಗದಪತ್ರದ ಗಂಟೂ ನನ್ನ ತಲೆಯ ಮೇಲೆ ಬಿತ್ತು. ರೋಣದ ನೋಂದಣಿ ಕಚೇರಿಯ ಗೋಡೆಗೆ ಇವರ ಮದುವೆಯ ನೋಟಿಸು ಅಂಟಿಸಿ ಮೂವತ್ತು ದಿನ ಕಾದೆವು. ಅಷ್ಟರಲ್ಲಿ ಸೂಡಿ ಮೇಲೆ ರೋಣಕ್ಕೆ ಹೋಗುವ ಬಸ್ಸಿನ ಕಂಡಕ್ಟರು ನಮ್ಮ ಮನೆಯವನೇ ಆಗಿಬಿಟ್ಟಿದ್ದ. 'ಹೊಸ ಸೊಸಿ ಕಾಗದ ಬಂತೇನ್ರಿ?' ಎಂದು ಟಿಕೆಟ್ ಹರಿಯುವ ಮೊದಲೇ ಕೇಳುತ್ತಿದ್ದ.

ಮದುವೆ ನೋಂದಣಿಯಾಗಿ ಮನೆಗೆ ಬಂದ ದಿನ ನಾನು ಬಾಗಿಲಿಗೆ ಕೈ ಅಡ್ಡ ಹಿಡಿದು ನಿಂತೆ. ಗಂಡನ ಹೆಸರನ್ನು ಒಡಪಿನಲ್ಲಿ, ಅಂದರೆ ಪ್ರಾಸ ಕಟ್ಟಿದ ಎರಡು ಮೂರು ಸಾಲಿನಲ್ಲಿ ಹೇಳಿದರೆ ಮಾತ್ರ ಹೊಸ ಸೊಸೆಗೆ ಒಳಗೆ ಪ್ರವೇಶ. ತಡೆಯುವ ಹಕ್ಕು ಗಂಡನ ಅಕ್ಕತಂಗಿಯರದು, ಅದನ್ನು ನಾನೇಕೆ ಬಿಡಲಿ? ಬಸ್ಸಿನಲ್ಲೇ ನಾನು ಕಲಿಸಿದ್ದ ಒಡಪನ್ನು ಅವಳು ತಪ್ಪಿಲ್ಲದೆ ಹೇಳಿದಳು. ಓಣಿಯ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ನಾನು ಇನ್ನಷ್ಟು ಜಂಬದಿಂದ, "ನೋಡವಾ ತಂಗಿ, ಇನ್ನ ಮ್ಯಾಲೆ ಗಂಡನ ಹೆಸರ ಹಂಗ ಬಾಯಿಲೆ ಹೇಳಬಾರದು. ಹೇಳಿದ್ರ ಒಡಪಿನಾಗನ ಹೇಳಬೇಕು" ಎಂದೆ.

ಹೇಳಿದ್ದು ಚೇಷ್ಟೆಗೆ. ನಾನೇ ಸಿಟ್ಟು ಬಂದಾಗ ನನ್ನ ಗಂಡನನ್ನು ಹೆಸರು ಹಿಡಿದು ಕರೆಯುತ್ತೇನೆ, ಸಿಟ್ಟು ದಿನಾ ಬರುತ್ತದೆ. ಆದರೆ ಅವಳು ಅದನ್ನು ನಿಜವೆಂದೇ ನಂಬಿದಳು.

ಇನ್ನು ವೀಸಾ. ಅವಳು ಬಂದದ್ದು ಪ್ರವಾಸಿ ವೀಸಾದ ಮೇಲೆ. ಅದನ್ನು ಭಾರತೀಯನ ಹೆಂಡತಿಯ ವೀಸಾ ಮಾಡಿಸಬೇಕಿತ್ತು. ಅರ್ಜಿ ಹಾಕಿದೆ. ಗಂಡ ಹೆಂಡತಿ ಒಂದೇ ಮನೆಯಲ್ಲಿ ಬಾಳುತ್ತಿದ್ದಾರೆಂದು ಪೊಲೀಸರು ಬಂದು ನೋಡಿ ವರದಿ ಕೊಡಬೇಕು. ವರದಿ ಕೆಟ್ಟರೆ ಅವಳು ದೇಶ ಬಿಡಬೇಕು, ಮತ್ತೆ ಬರಲು ಬಿಡುತ್ತಾರೋ ಇಲ್ಲವೋ ದೇವರೇ ಬಲ್ಲ. ಹಳೆಯ ವೀಸಾ ಮುಗಿಯಲು ಹನ್ನೊಂದು ದಿನ ಉಳಿದಿದ್ದಾಗ ಪೊಲೀಸರು ಬಂದರು.

ಬಂದವರು ಮೈಸೂರು ಕಡೆಯ ಒಬ್ಬ ಹೆಣ್ಣುಮಗಳು, ಸಬ್‌ಇನ್ಸ್‌ಪೆಕ್ಟರ್. ಹೆಣ್ಣಾದರೂ ನಮಗೆ ಅವರು ಸಾಹೇಬರೇ. ತಮ್ಮ ಸೀರೆ ಕೊಡಲು ನರಗುಂದಕ್ಕೆ ಹೋಗಿದ್ದ. ನಾನು ಅಂಗಡಿಯಲ್ಲಿದ್ದೆ. ಮನೆಯಲ್ಲಿದ್ದವರು ಅವ್ವ ಮತ್ತು ಇವಳು. ನಡೆದದ್ದನ್ನು ಆಮೇಲೆ ಅವ್ವನೇ ಹೇಳಿದಳು.

"ನಿಮ್ಮ ಗಂಡನ ಹೆಸರೇನು?" ಎಂದು ಸಾಹೇಬರು ಕೇಳಿದರಂತೆ. ಇವಳು ತಲೆ ತಗ್ಗಿಸಿದಳಂತೆ. ಇನ್ನೊಮ್ಮೆ ಕೇಳಿದರಂತೆ. ಇವಳು ನಕ್ಕಳಂತೆ. ಬಾಗಿಲಲ್ಲಿ ಹೇಳಿದ ಒಡಪು ಭಯಕ್ಕೆ ಮರೆತೇಹೋಗಿತ್ತು, ಒಡಪಿಲ್ಲದೆ ಹೇಳುವ ಹಾಗಿಲ್ಲ.

ಆಗ ಸಾಹೇಬರು ಅವ್ವನ ಕಡೆ ತಿರುಗಿ, "ಹೋಗ್ಲಿ, ನಿಮ್ಮ ಮಗನ ಹೆಸರು ನೀವಾದ್ರೂ ಹೇಳಿ" ಎಂದರು.

ಇಲ್ಲೊಂದು ಫಜೀತಿಯಿದೆ. ನನ್ನ ತಮ್ಮನಿಗೆ ಇಟ್ಟದ್ದು ನಮ್ಮ ಅಜ್ಜನ ಹೆಸರು, ಅಂದರೆ ಅವ್ವನ ಮಾವನದು. ಮಾವನ ಹೆಸರನ್ನು ಸೊಸೆ ನುಡಿಯುವುದುಂಟೆ? ಹುಟ್ಟಿದಾಗಿನಿಂದ ಅವ್ವ ಅವನನ್ನು ಮುತ್ಯಾ ಎಂದೇ ಕರೆದಿದ್ದಾಳೆ. ಮುತ್ಯಾ ಎಂದರೆ ಅಜ್ಜ.

"ನಮ್ಮ ಮುತ್ಯಾ ಅದಾನಲ್ರಿ, ಅವನ ಹೇಣ್ತಿ ಈಕಿ" ಎಂದಳು ಅವ್ವ.

"ಅಜ್ಜನ ವಿಷಯ ಬೇಡಮ್ಮ. ಮಗನ ಹೆಸರು ಹೇಳಿ."

ಅವ್ವ ಸೆರಗು ಬಾಯಿಗೆ ಇಟ್ಟುಕೊಂಡಳು. ಹೆಂಡತಿಯೂ ಹೇಳಲಿಲ್ಲ, ತಾಯಿಯೂ ಹೇಳಲಿಲ್ಲ. ಮದುಮಗನ ಹೆಸರೇ ಗೊತ್ತಿಲ್ಲದ ಮನೆಯಲ್ಲಿ ಎಂಥ ಮದುವೆ ಎಂದು ಯಾರಿಗಾದರೂ ಅನುಮಾನ ಬರುತ್ತದೆ. ಸಾಹೇಬರು ಏನೋ ಬರೆದುಕೊಂಡು, ಮರುದಿನ ಗಂಡನನ್ನು ಕರೆದುಕೊಂಡು ಠಾಣೆಗೆ ಬರಬೇಕೆಂದು ಹೇಳಿ ಹೋದರು.

ಅಂಗಡಿಯಿಂದ ಬಂದು ಇದನ್ನೆಲ್ಲ ಕೇಳಿದೆ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರಲ್ಲ, ಇಲ್ಲಿ ಮಾಡಿದವಳು ನಾನು, ಉಣ್ಣುವವಳು ಅವಳು. ನನ್ನ ಒಂದು ದಿನದ ಚೇಷ್ಟೆಗೆ ತಮ್ಮನ ಸಂಸಾರ ಮುರಿಯುತ್ತದಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಆ ಸಿಟ್ಟನ್ನು ಅವಳ ಮೇಲೆಯೇ ತೀರಿಸಿಕೊಂಡೆ. "ನಿನಗೇನ ಬುದ್ಧಿ ಐತಿಲ್ಲ? ಪೊಲೀಸ್ರು ಕೇಳಿದ್ರೂ ಹೇಳಬಾರದಂತ ಯಾರ ಹೇಳ್ಯಾರ?" ಎಂದು ರೇಗಿದೆ.

"ನೀವ ಹೇಳೀರಲ್ರಿ ಅಕ್ಕಾರ" ಎಂದಳು.

ಮರುದಿನ ನರಗುಂದದಿಂದ ಮರಳಿದ್ದ ತಮ್ಮ, ಅವಳು, ನಾನು ಮೂವರೂ ಠಾಣೆಗೆ ಹೋದೆವು. ಫೋಟೋ, ಪ್ರಮಾಣಪತ್ರ, ಮನೆಯ ಉತಾರ, ಎಲ್ಲವನ್ನೂ ಮೇಜಿನ ಮೇಲೆ ಹರಡಿ, ತಪ್ಪು ನನ್ನದೆಂದು ಒಂದೇ ಉಸಿರಿಗೆ ಹೇಳಿದೆ. ಸಾಹೇಬರು ನಂಬಿದಂತೆ ಕಾಣಲಿಲ್ಲ. ತಮ್ಮನನ್ನು ಹೊರಗೆ ಕಳಿಸಿ, "ಈಗ ಇವರೇ ಹೇಳ್ಲಿ" ಎಂದರು.

"ಹೇಳವಾ ತಂಗಿ, ಏನೂ ಆಗಂಗಿಲ್ಲ" ಎಂದೆ.

ಅವಳು ನನ್ನ ಮುಖ ನೋಡಿದಳು. ಆಮೇಲೆ ಎದ್ದು ನಿಂತು, ತಲೆಯ ಮೇಲೆ ಸೆರಗು ಹೊದ್ದುಕೊಂಡು, ನಾನು ಎಂದೂ ಕಲಿಸದ ಒಡಪೊಂದನ್ನು ಹೇಳಿದಳು:

"ಮಗ್ಗದ ಮ್ಯಾಲಿನ ಸೀರಿಗೆ ಕೆಂಪ ದಡಿ,
ನನ್ನ ಪಾಸ್‌ಪೋರ್ಟಿನ ಮ್ಯಾಲೆ ಸಿಕ್ಕಾ ಹೊಡಿ,"

ಮೂರನೆಯ ಸಾಲಿನಲ್ಲಿ ತಮ್ಮನ ಹೆಸರು ಬಂತು, ಕೊನೆಗೆ "ರಾಯರ ಕೂಡ ಇಲ್ಲೇ ಇರಾಕ ಬಿಡಿ" ಎಂದಿತ್ತು. ರಾತ್ರಿಯೆಲ್ಲ ಕೂತು ತಾನೇ ಕಟ್ಟಿದ್ದಳಂತೆ.

ಮೂಲೆಯಲ್ಲಿ ಕುಳಿತು ಬರೆಯುತ್ತಿದ್ದ ಯಾವಗಲ್ ಊರಿನ ಹಿರಿಯ ಪೇದೆ ಪೆನ್ನು ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. "ಮೇಡಮ್ಮಾರ, ನಮ್ಮ ಮನಿಯಾಕಿನೂ ಇಪ್ಪತ್ತ ವರ್ಷಾತು, ಇನ್ನೂ ನನ್ನ ಹೆಸರ ಹಿಡದಿಲ್ರಿ. ಈಕಿ ಖರೇನ ಸೊಸಿ ಬಿಡ್ರಿ" ಎಂದರು. ಸಾಹೇಬರು ಮಾತ್ರ ನಗಲಿಲ್ಲ. "ಬರೀ ವೀಸಾಕ್ಕೆ ಮದುವೆ ಆಗೋರು ಇಷ್ಟೆಲ್ಲ ಕಲಿಯಲ್ಲ" ಎಂದು ಹಿಂದಿನ ದಿನದ ಹಾಳೆಯನ್ನು ತೆಗೆದಿಟ್ಟು, ಹೊಸ ಹಾಳೆಯ ಮೇಲೆ ಬರೆಯಲು ತೊಡಗಿದರು.

ವೀಸಾ ಮುಗಿಯಲು ಎರಡು ದಿನವಿದ್ದಾಗ ಅನುಮತಿ ಪತ್ರ ನನ್ನ ಅಂಗಡಿಯ ಕಂಪ್ಯೂಟರಿಗೆ ಬಂತು. ಪ್ರಿಂಟ್ ತೆಗೆದು, ಅಂಗಡಿಯಲ್ಲಿದ್ದ ಗಿರಾಕಿಗಳನ್ನು ಹೊರಗೆ ಹಾಕಿ, ಷಟರ್ ಎಳೆದು ಮನೆಗೆ ಓಡಿದೆ. ಅವಳು ಓದುತ್ತ ಓದುತ್ತ ಅಳತೊಡಗಿದಳು. ನಾನೂ ಅತ್ತೆ. ಒಳಗೆ ತಮ್ಮ ಮಗ್ಗದ ಮೇಲಿದ್ದ, ಲಾಳಿಯ ಸದ್ದಿಗೆ ಅವನಿಗೆ ಇದೇನೂ ಕೇಳಿಸಿರಲಿಲ್ಲ.

"ಎಷ್ಟ ದಿನಕ್ಕ ಕೊಟ್ಟಾರ?" ಎಂದು ಅವ್ವ ಕೇಳಿದಳು.

"ಒಂದ ವರ್ಷಕ್ಕ. ಆಮ್ಯಾಲೆ ಮತ್ತ ಅರ್ಜಿ ಹಾಕೂದು. ಪೊಲೀಸ್ರು ಮತ್ತ ಮನಿಗೆ ಬಂದ್ರೂ ಬರಬಹುದು" ಎಂದೆ.

ಅವ್ವ ಸೊಸೆಯ ಕೈ ಹಿಡಿದುಕೊಂಡಳು. "ಬರ್ಲಿ. ಈ ಸಲ ನಾ ಹೇಳತೀನಿ" ಎಂದಳು. ನಾವು ನೋಡುತ್ತಿದ್ದಂತೆಯೇ, ಮೂವತ್ತು ವರ್ಷ ಬಾಯಿಗೆ ತಾರದ ಆ ಹೆಸರನ್ನು ಅವ್ವ ಗಟ್ಟಿಯಾಗಿ, ಇಡಿಯಾಗಿ, ಹೇಳಿಬಿಟ್ಟಳು.

ಒಳಗೆ ಲಾಳಿಯ ಸದ್ದು ನಿಂತಿತು. ತಮ್ಮ ಎದ್ದು ಬಂದು ಬಾಗಿಲಲ್ಲಿ ನಿಂತು ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದ.

"ನನ್ನ ಯಾರ ಕರದ್ರಿ?" ಎಂದ.