ನೀರುಗುಳ್ಳೆ ಮತ್ತು ಚಿಕ್ಕಮ್ಮನ ಸಿಟ್ಟು

ಜಗಳಕ್ಕೆ ಇಳಿಯುವ ಮೊದಲು ನಮ್ಮ ಚಿಕ್ಕಮ್ಮ ಎರಡೂ ಕೈಯ ಗಾಜಿನ ಬಳೆಗಳನ್ನು ಮೊಣಕೈ ತನಕ ಸರಸರ ಏರಿಸಿಕೊಳ್ಳುತ್ತಾಳೆ. ಆ ಸದ್ದು ಕೇಳಿದರೆ ಹೊಸಹಳ್ಳಿಯ ನಮ್ಮ ಬೀದಿಯಲ್ಲಿ ಅಡ್ಡಾದಿಡ್ಡಿ ನಿಂತ ಕಾರುಗಳು ತಾವಾಗಿಯೇ ಸರಿದುಕೊಳ್ಳುತ್ತವೆ ಎಂದು ನಾನು ಹಬ್ಬಿಸಿದ್ದೇನೆ. ಅಪ್ಪನ ತಮ್ಮನ ಹೆಂಡತಿಯಾದ ಅವಳು ಬ್ಯಾಂಕಿನಲ್ಲಿ ಆಫೀಸರ್, ಮನೆಯಲ್ಲಿ ನಮ್ಮ ಮೇಲಿನ ಮಹಡಿಯವಳು. ಅವಳು ಫೋನಿನಲ್ಲಿ ಮಾತಾಡಿದರೆ ಆ ಕಡೆಯವರಿಗೆ ಫೋನೇ ಬೇಕಿಲ್ಲ. ಮದುವೆ ಮನೆಗಳಲ್ಲಿ ನಾನು ಅವಳ ದನಿ ಅನುಕರಿಸುವಾಗ ಅವಳೇ ಮುಂದೆ ಕೂತು ತಿದ್ದುತ್ತಾಳೆ: "ಮೂಗಿಂದ ಯಾಕೋ ಮಾತಾಡ್ತೀಯ? ನಂದು ಹೊಟ್ಟೆಯಿಂದ ಬರತ್ತೆ ಕಣೋ."

ನನ್ನ ಅಕ್ಕನ ಮದುವೆ ಹತ್ತಿರ ಬಂದಿತ್ತು. ಚಿಕ್ಕಮ್ಮನ ಎಡಮೊಲೆಯಲ್ಲಿ ಒಂದು ಗಂಟು ಕಾಣಿಸಿತು, ಜೊತೆಗೆ ನೋವು. ಮೊಲೆ ಎಂಬ ಮಾತು ಕಿವಿಗೆ ಬಿದ್ದರೆ ನಮ್ಮ ದೊಡ್ಡತ್ತೆ, ಅಂದರೆ ಅಪ್ಪನ ಅಕ್ಕ, ಈಗಲೂ ಸೆರಗು ಸರಿ ಮಾಡಿಕೊಳ್ಳುತ್ತಾಳೆ. ಅವಳ ಪ್ರಕಾರ ಅದು 'ಆ ಜಾಗ'. ಎಂಥ ಜಾಗ? ಕಾರ್ನರ್ ಸೈಟಾ?

ಚಿಕ್ಕಮ್ಮ ಮಾರನೆಯ ದಿನವೇ ಆಸ್ಪತ್ರೆಗೆ ಹೋದಳು. ಡಾಕ್ಟರ್ ಮುಟ್ಟಿ ನೋಡಿದರು, ಸ್ಕ್ಯಾನ್ ಮಾಡಿಸಿದರು, ಇದು ನೀರು ತುಂಬಿದ ಗುಳ್ಳೆ ಅಷ್ಟೇ ಅಂದರು. ಸೂಜಿ ಹಾಕಿ ನೀರು ತೆಗೆದ ಕೂಡಲೇ ಗಂಟು ಅಡಗಿತು. ಕ್ಯಾನ್ಸರ್ ಅಲ್ಲ, ಎಷ್ಟೋ ಹೆಂಗಸರಿಗೆ ಬಂದು ಹೋಗುವಂಥದ್ದು. ಚಿಕ್ಕಮ್ಮ ದಾರಿಯಲ್ಲಿ ಮೈಸೂರುಪಾಕು ಕಟ್ಟಿಸಿಕೊಂಡು ಬಂದು ಎಲ್ಲರಿಗೂ ಹಂಚಿದಳು.

ತಿಂದವರು ನಾನು ಮತ್ತು ಅಕ್ಕ.

"ಡಾಕ್ಟ್ರು ಹಂಗೇ ಹೇಳೋದು," ಅಂದಳು ದೊಡ್ಡತ್ತೆ. "ಅಷ್ಟು ನೋವಿದೆ ಅಂದ್ಮೇಲೆ ಅದೇ ಕಾಯಿಲೆ. ಸೂಜಿ ಬೇರೆ ಚುಚ್ಚಿಸ್ಕೊಂಡಿದಾಳೆ, ಇನ್ನು ಮೈಯೆಲ್ಲ ಹರಡತ್ತೆ ನೋಡ್ತಾ ಇರಿ." ನನ್ನ ಅಮ್ಮ ಹೌದೆಂದು ತಲೆಯಾಡಿಸಿದಳು.

ನಮ್ಮಲ್ಲಿ ಮದುವೆಗೆ ಮುಂಚೆ ಚಪ್ಪರದ ಕೆಳಗೆ ಐದು ಜನ ಮುತ್ತೈದೆಯರು ಒಟ್ಟಿಗೆ ಒನಕೆ ಹಿಡಿದು ಮದುಮಗಳ ಅರಿಶಿನ ಕುಟ್ಟುತ್ತಾರೆ. ನಮ್ಮ ಮನೆಯ ಯಾವ ಮದುವೆಯಲ್ಲೂ ಮೊದಲ ಕೈ ಚಿಕ್ಕಮ್ಮನದೇ. ಈ ಸಲ ಅವಳನ್ನು ಬಿಟ್ಟು ಕೆಂಗೇರಿಯ ಯಾರೋ ದೂರದ ಸಂಬಂಧಿಯನ್ನು ಕರೆದರು. ಕರೆದವಳು ನನ್ನ ಅಮ್ಮ. "ಮದುಮಗಳಿಗೆ ಸೋಕಬಾರದು, ಅಷ್ಟೇ. ಊಟಕ್ಕೆ ಬರ್ಲಿ, ಯಾರು ಬೇಡ ಅಂದ್ರು?" ಅಂದಳು. ಅರಿಶಿನದ ಮೂಲಕ ನೀರುಗುಳ್ಳೆ ಅಂಟುತ್ತದಂತೆ! ಎಂಎಸ್ಸಿ ಓದಿದ ಅಪ್ಪ ಪೇಪರ್ ಅಗಲಿಸಿ ಅದರ ಹಿಂದೆ ತಲೆಮರೆಸಿಕೊಂಡರು. ಅಕ್ಕ ಅತ್ತಳು. ನಗಿಸೋಣವೆಂದು ದೊಡ್ಡತ್ತೆಯ ದನಿಯಲ್ಲಿ ಅವಳ ಮಾತನ್ನೇ ಆಡಿ ತೋರಿಸಿದೆ. ನನಗೇ ನಗು ಬರಲಿಲ್ಲ. ಇದನ್ನು ಬರೆಯುವಾಗಲೂ ಹಲ್ಲು ಕಡಿಯುತ್ತಿದ್ದೇನೆ.

ಚಪ್ಪರದ ದಿನ ಇನ್ನೇನು ಒನಕೆ ಎತ್ತಬೇಕು, ಬಳೆ ಏರಿಸಿದ ಸದ್ದು.

"ಅತ್ಗೆ," ಅಂದಳು ಚಿಕ್ಕಮ್ಮ ದೊಡ್ಡತ್ತೆಗೆ, ಇಡೀ ಬೀದಿಗೆ ಕೇಳುವ ಹಾಗೆ, "ನನ್ನ ಮೊಲೇಲಿ ಇದ್ದಿದ್ದು ನೀರು. ನಿಮ್ಮ ತಲೇಲಿ ಏನಿದೆ ಅಂತ ಸ್ಕ್ಯಾನ್ ಮಾಡಿಸಿದೀರಾ?"

"ಅಯ್ಯೋ, ಗಂಡಸ್ರಿದಾರೆ ಕಣೇ!"

"ಇರ್ಲಿ, ಅವ್ರೂ ಕೇಳಿಸ್ಕೊಳ್ಳಿ. ನಂಗೆ ಕ್ಯಾನ್ಸರೇ ಆಗಿದ್ರೂ ಮುಟ್ಟಿದ್ರೆ ಅಂಟಲ್ಲ. ನೋವಿದ್ರೇನೇ ಕಾಯಿಲೆ ಅಂತ ಯಾರು ಹೇಳಿದ್ದು ನಿಮಗೆ? ಕ್ಯಾನ್ಸರ್ ಗಂಟು ಮೊದ್ಲು ಸಾಮಾನ್ಯವಾಗಿ ನೋಯೋದೇ ಇಲ್ವಂತೆ. ಇಲ್ಲಿ ಯಾರಿಗಾದ್ರೂ ಗಂಟಿದ್ರೆ, ನೋಯ್ಲಿ ಬಿಡ್ಲಿ, ಬಾಯಿ ಮುಚ್ಕೊಂಡು ಹೋಗಿ ತೋರಿಸ್ರಿ!"

ಅಕ್ಕ ಹಸೆಮಣೆಯಿಂದ ಎದ್ದು ಬಂದಳು. "ಚಿಕ್ಕಮ್ಮ ಕುಟ್ಟದೇ ಇರೋ ಅರಿಶಿನ ನಾನು ಹಚ್ಕೊಳಲ್ಲ," ಎಂದು ಅವಳ ಕೈ ಹಿಡಿದು ಒನಕೆಯ ಮೇಲಿಟ್ಟಳು. ಕೆಂಗೇರಿಯಾಕೆ ಬಿಡುಗಡೆ ಸಿಕ್ಕವಳಂತೆ ಪಕ್ಕಕ್ಕೆ ಸರಿದಳು. ಅಮ್ಮ ತಲೆ ತಗ್ಗಿಸಿ ನಿಂತಿದ್ದಳು. ನಾಚಿಕೆಗೆ ಇರಬೇಕು ಅಂದುಕೊಂಡೆ.

ನಾಚಿಕೆಯಲ್ಲ. ಮದುವೆ ಮುಗಿದ ಮೇಲೆ ಒಂದು ಮಧ್ಯಾಹ್ನ ಅಮ್ಮ ಒಬ್ಬಳೇ ಚಿಕ್ಕಮ್ಮನ ಮನೆಯ ಮೆಟ್ಟಿಲು ಹತ್ತಿದಳು. ಅವಳ ಬಲಮೊಲೆಯಲ್ಲಿ ತಿಂಗಳುಗಳಿಂದ ಒಂದು ಗಂಟಿತ್ತು. ಕಲ್ಲಿನಂತೆ ಗಟ್ಟಿ, ಒತ್ತಿದರೂ ಜರುಗದು, ಅದರ ಮೇಲಿನ ಚರ್ಮ ಒಳಗಿನಿಂದ ಯಾರೋ ದಾರ ಎಳೆದಂತೆ ಗುಳಿ ಬಿದ್ದಿತ್ತು. "ನೋಯ್ತಾನೇ ಇರ್ಲಿಲ್ಲ ಕಣೇ, ಅದಕ್ಕೇ ಸುಮ್ನಿದ್ದೆ," ಅಂದಳಂತೆ. ಚಿಕ್ಕಮ್ಮ ಬೈಯಲಿಲ್ಲ. ಬ್ಯಾಂಕಿಗೆ ರಜೆ ಹಾಕಿದಳು.

ಮುಟ್ಟಿ ನೋಡಿ ತೀರ್ಮಾನ ಹೇಳಲಾಗದು ಎಂದರು ಡಾಕ್ಟರ್. ಸ್ಕ್ಯಾನ್ ಆಯಿತು, ಸೂಜಿಯಲ್ಲಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಇದು ಕ್ಯಾನ್ಸರೇ. ಆಪರೇಷನ್, ಕೀಮೋ ಎಲ್ಲವೂ ಆಯಿತು. ಎಲ್ಲಕ್ಕೂ ಚಿಕ್ಕಮ್ಮನೇ ಜೊತೆ. ನಾನೂ ಹೋಗುತ್ತಿದ್ದೆ. ಅಮ್ಮನಿಗೆ ಎಳನೀರು ತರಲು ಹೋಗಿ, ಅಲ್ಲೇ ನಿಂತು ಅತ್ತು, ಆ ಎಳನೀರನ್ನು ನಾನೇ ಕುಡಿದು ಬರುವುದು ನನ್ನ ಸೇವೆ.

ಒಂದೇ ಮನೆ. ಏನೂ ಇಲ್ಲದವಳ ಬಗ್ಗೆ ಬಾಗಿಲಿಗೊಬ್ಬರು ನಿಂತು ಪಿಸುಗುಟ್ಟುತ್ತಿದ್ದಾಗ, ಕಾಯಿಲೆ ಅಡುಗೆಮನೆಯಲ್ಲಿ ನಿಂತು ಎಲ್ಲರಿಗೂ ಕಾಫಿ ಸೋಸುತ್ತಿತ್ತು! ಚಿಕ್ಕಮ್ಮನ ಗತಿ ಕಣ್ಣಾರೆ ಕಂಡ ಮೇಲೆ ಅಮ್ಮ ತಾನೇ ಯಾವ ಧೈರ್ಯದ ಮೇಲೆ ಬಾಯಿ ಬಿಟ್ಟಾಳು? ಇಷ್ಟಾದರೂ ದೊಡ್ಡತ್ತೆ ತನ್ನ ಮೊಮ್ಮಗುವಿನ ನಾಮಕರಣದಲ್ಲಿ ಅಮ್ಮನನ್ನು ಆರತಿಗೆ ಕರೆಯಲಿಲ್ಲ. ಚಿಕ್ಕಮ್ಮ ತನಗೆ ಬಡಿಸಿದ ಎಲೆ ಬಿಟ್ಟು ಎದ್ದಳು, ಅಮ್ಮನನ್ನೂ ಎಬ್ಬಿಸಿಕೊಂಡು ಬಂದಳು.

ಅಮ್ಮ ಇವತ್ತು ಇದ್ದಾಳೆ, ನನ್ನ ಮಿಮಿಕ್ರಿಗೆ ಸೌಟು ಎಸೆಯುವಷ್ಟು ಗಟ್ಟಿಯಾಗಿ ಇದ್ದಾಳೆ. ಚಪ್ಪರದ ಕೆಳಗಿನ ಆ ಬೈಗುಳದ ಋಣ ನನ್ನ ತಲೆಯ ಮೇಲಿದೆ.

ಹೋದ ಸಲದ ಚೆಕಪ್‌ನಲ್ಲಿ ಹೊಸ ನರ್ಸ್ ಒಬ್ಬರು ಅಮ್ಮನನ್ನು ಕೇಳಿದರು, "ಜೊತೇಲಿರೋರು ಯಾರಮ್ಮ?"

"ನನ್ನ ತಂಗಿ," ಅಂದಳು ಅಮ್ಮ.

"ಓಹೋ, ಈಗ ತಂಗಿ!" ಕಾರಿಡಾರಿನ ತಲೆಗಳೆಲ್ಲ ತಿರುಗಿದವು. "ನೀರುಗುಳ್ಳೆ ಆದಾಗ ನಾನು ಯಾರಾಗಿದ್ದೆ, ಕೇಳಿ ಸಿಸ್ಟರ್ ಇವ್ರನ್ನ!"

ಅಮ್ಮ ತನ್ನ ಚಪ್ಪಲಿಯತ್ತ ಬಗ್ಗಿದಳು. ಅದರ ಪಟ್ಟಿ ಬಿಚ್ಚಿಹೋಗಿತ್ತು, ಆಪರೇಷನ್ ಆದ ಕಡೆಯ ಕೈ ಬಗ್ಗಿದಾಗ ಇನ್ನೂ ಎಳೆಯುತ್ತದೆ. ಚಿಕ್ಕಮ್ಮ ಬೈಯುತ್ತಲೇ ನೆಲಕ್ಕೆ ಕೂತು ಪಟ್ಟಿ ಹಾಕಿದಳು.