ದೊಡ್ಡಪ್ಪನ ನವಿಲು ಕೊಕ್ಕೆ

ಅಕ್ಕನ ಮದುವೆಯ ದಿನ ಬಸವನಗುಡಿಯ ಛತ್ರದ ಮುಂದೆ ನಮ್ಮ ಕಾರು ಸ್ಟಾರ್ಟ್ ಆಗಲಿಲ್ಲ. ಹೆಣ್ಣು ಒಪ್ಪಿಸಿ ಆಗಿತ್ತು. ಅಕ್ಕ, ಭಾವ ಹಿಂದಿನ ಸೀಟಿನಲ್ಲಿ ಕೂತಿದ್ದರು. ಸ್ಟಿಯರಿಂಗ್ ಹಿಡಿದಿದ್ದವಳು ನಾನು. ಕೀ ತಿರುಗಿಸಿದರೆ ಟಕ್ ಎಂದು ಒಂದು ಸದ್ದು, ಅಷ್ಟೇ.

ಅದು ಗುಂಡು ಮೂತಿಯ, ಕಡು ಹಸಿರು ಬಣ್ಣದ ವಿಲಾಯಿತಿ ಕಾರು. ಅಪ್ಪ ಕೊಂಡಾಗಲೇ ಹಳೆಯದಾಗಿತ್ತು. ಒಳಗಿನ ಚಾವಣಿಗೆ ಕೆನೆಬಣ್ಣದ ಬಟ್ಟೆ, ಬಟ್ಟೆಯ ನಡುವೆ ಸಣ್ಣ ಬಟ್ಟಲಿನಂಥ ಗಾಜಿನ ದೀಪ. ಯಾವ ಬಾಗಿಲು ತೆಗೆದರೂ ಆ ದೀಪ ಹತ್ತಿಕೊಳ್ಳುತ್ತದೆ, ನಾಲ್ಕೂ ಬಾಗಿಲು ಹಾಕಿದರೆ ಆರುತ್ತದೆ. ಮದುವೆಗೆಂದು ಹಿಂದಿನ ಸಂಜೆಯೇ ಕಾರಿನ ಒಳಗೆ ಮಲ್ಲಿಗೆಯ ಚಪ್ಪರ ಕಟ್ಟಿದ್ದರು. ದೀಪ ಹೂವಿನಲ್ಲಿ ಮುಚ್ಚಿಹೋಗಿತ್ತು.

ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ, ಬಾಗಿಲು ತೆಗೆದು ಕೈ ಹಾಕಿ ಹೂವನ್ನೆಲ್ಲ ಕಿತ್ತು ಕೆಳಗೆ ಹಾಕಿದರು. ಒಳಗೆ ದೀಪ ಆರಿಹೋಗುವ ಕೆಂಡದಂತೆ ಮಿಣುಕುತ್ತಿತ್ತು. ಆಮೇಲೆ ನಾಲ್ಕು ಬಾಗಿಲುಗಳನ್ನೂ ಒಂದೊಂದಾಗಿ ಬಡಿದು ಹಾಕಿದರು. ದೀಪ ಆರಿತು. ಅವರು ಎರಡೂ ಕಡೆಯ ನೆಂಟರ ಕಡೆಗೆ ತಿರುಗಿದರು.

"ನೋಡಿದ್ರಾ? ರಾತ್ರಿಯೆಲ್ಲಾ ಬಾಗಿಲು ಸರಿಯಾಗಿ ಹಾಕ್ದೆ ಬಿಟ್ಟಿದಾಳೆ. ಬ್ಯಾಟರಿ ಖಾಲಿ. ಹುಡುಗೀರ ಕೈಗೆ ಗಾಡಿ ಕೊಟ್ರೆ ಇಷ್ಟೇ."

ನಾನು ಬಾಗಿಲು ಹಾಕಿದ್ದೆ. ಹಾಕಿ, ಹ್ಯಾಂಡಲ್ ಎಳೆದು ನೋಡಿಯೇ ಒಳಗೆ ಹೋಗಿದ್ದೆ. ಅದನ್ನು ಹೇಳಲು ಬಾಯಿ ತೆಗೆಯುವಷ್ಟರಲ್ಲಿ ಗಂಡಿನ ಕಡೆಯವರು ರೇಷ್ಮೆ ಪಂಚೆ ಎತ್ತಿ ಕಟ್ಟಿಕೊಂಡು ಕಾರು ನೂಕಲು ನಿಂತಿದ್ದರು. ಭಾವನೂ ಇಳಿದು, ಬಾಸಿಂಗ ಬಿಚ್ಚಿ ಅಕ್ಕನ ಕೈಗೆ ಕೊಟ್ಟು, ಹಿಂದಿನಿಂದ ನೂಕಿದರು. ಗಾಂಧಿ ಬಜಾರಿನ ತಿರುವಿನವರೆಗೂ ನೂಕಿದ ಮೇಲೆ ಎಂಜಿನ್ ಕೆಮ್ಮಿಕೊಂಡು ಎದ್ದಿತು. ಅಕ್ಕನ ಅತ್ತೆ ಹಿಂದೆ ನಡೆದು ಬರುತ್ತಾ ಯಾರಿಗೋ ಏನೋ ಹೇಳಿದರು, ಎಲ್ಲರೂ ನಕ್ಕರು.

ಅವತ್ತು ಸಂಜೆ ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ದೊಡ್ಡಪ್ಪ ಕಾರಿನ ಕೀ ತೆಗೆದು ಜುಬ್ಬದ ಜೇಬಿಗೆ ಹಾಕಿಕೊಂಡರು. ಇನ್ನು ಮೇಲೆ ತಮ್ಮ ಹತ್ತಿರವೇ ಇರಲಿ ಎಂದರು. ಅಪ್ಪ ಅಣ್ಣನ ಎದುರು ಮಾತಾಡುವವರಲ್ಲ. ಕಣ್ಣಿನ ಪೊರೆ ಹೆಚ್ಚಾಗಿ ಅವರು ಓಡಿಸುವುದನ್ನು ಬಿಟ್ಟಿದ್ದರು. ತಾವೇ ಮೈದಾನದಲ್ಲಿ ಪಕ್ಕ ಕೂತು ನನಗೆ ಕಲಿಸಿದ್ದು ಇನ್ನು ತಮ್ಮನ್ನು ನಾನೇ ಓಡಾಡಿಸಲಿ ಎಂದು.

ಅಂದಿನಿಂದ ಪ್ರತಿ ಭಾನುವಾರ ದೊಡ್ಡಪ್ಪ ಹನುಮಂತನಗರದಿಂದ ಬಸ್ಸಿನಲ್ಲಿ ಬಂದು ನಮ್ಮ ಶೆಡ್ಡಿನಿಂದ ನಮ್ಮ ಕಾರು ತೆಗೆಯುತ್ತಿದ್ದರು. ತರಗುಪೇಟೆಗೆ ಹೋಗಿ ತಮ್ಮ ಮನೆಯ ಅಕ್ಕಿ, ಬೇಳೆ ತುಂಬಿಕೊಂಡು ಬರುತ್ತಿದ್ದರು. ಅಪ್ಪ ಕಣ್ಣಿನ ಆಸ್ಪತ್ರೆಗೆ ನನ್ನ ಭುಜ ಹಿಡಿದು ಬಸ್ಸಿನಲ್ಲಿ ಹೋಗುತ್ತಿದ್ದರು.

ನನಗೆ ದಿನಚರಿ ಬರೆಯುವ ಅಭ್ಯಾಸ. ಆ ವರ್ಷದ ಪುಸ್ತಕದಲ್ಲಿ ದೊಡ್ಡಪ್ಪನ ಮಾತು, ಅಕ್ಕನ ಅತ್ತೆಯ ಮಾತು, ಎಲ್ಲವನ್ನೂ ತಾರೀಕು ಹಾಕಿ ಬರೆದಿಟ್ಟೆ. ಮರೆತುಹೋಗುತ್ತದೆಂದಲ್ಲ. ಸಿಟ್ಟು ಹಳಸಬಾರದು, ಉಪ್ಪಿನಕಾಯಿಯ ಹಾಗೆ ಇರಬೇಕು ಎಂದು.

ಅಕ್ಕನ ಅತ್ತೆಯ ಮಾತು ಮಲ್ಲೇಶ್ವರದಿಂದ ಅಕ್ಕನೇ ತಂದು ಹೇಳುತ್ತಿದ್ದಳು. ಅವಳು ಬೆಳಿಗ್ಗೆ ಏಳುವುದು ಸ್ವಲ್ಪ ತಡವಾದರೆ ಅತ್ತೆ ಮಗನನ್ನು ಕರೆದು, "ಇವಳನ್ನ ನೂಕ್ಬೇಕು ಕಣಪ್ಪಾ, ಅವ್ರ ಮನೆ ಗಾಡಿ ಥರ" ಎನ್ನುತ್ತಿದ್ದರಂತೆ. ಅಕ್ಕ ನಗುತ್ತಲೇ ಹೇಳುತ್ತಿದ್ದಳು. ಮೂರನೆಯ ಸಲ ಹೇಳಿದಾಗ ನಗಲಿಲ್ಲ.

ಒಳದೀಪಕ್ಕೆ ಕೀ ಬೇಕಿಲ್ಲ. ಇದನ್ನು ದೊಡ್ಡಪ್ಪ ಯೋಚಿಸಿರಲಿಲ್ಲ. ಕಾರಿನ ಬಾಗಿಲಿಗೆ ನಾವು ಬೀಗ ಹಾಕುತ್ತಿರಲಿಲ್ಲ, ಬ್ಯಾಟರಿ ಇದ್ದರೆ ಸಾಕು. ಸಂಪಿಗೆ ರಸ್ತೆಯ ನನ್ನ ಆಫೀಸಿನಿಂದ ಬರುವಾಗ ಅಲ್ಲೇ ಒಂದು ಅಂಗಡಿಯಲ್ಲಿ ಪುಟ್ಟ ಬಲ್ಬು, ಹೋಲ್ಡರು, ಎರಡು ಗಜ ವೈರು ತಂದೆ. ಬ್ಯಾಟರಿಯ ಒಂದು ತಂತಿ ಬಿಚ್ಚಿ, ತಂತಿಗೂ ಬ್ಯಾಟರಿಗೂ ಮಧ್ಯೆ ಈ ಬಲ್ಬು ಸೇರಿಸಬೇಕು. ಕಾರಿನಲ್ಲಿ ಎಲ್ಲವನ್ನೂ ಆರಿಸಿ ಬಾಗಿಲು ಹಾಕಿದ ಮೇಲೂ ಬಲ್ಬು ಉರಿದರೆ ಎಲ್ಲೋ ಕರೆಂಟು ಸೋರುತ್ತಿದೆ ಎಂದು ಅರ್ಥ. ಹೇಳಿಕೊಟ್ಟಿದ್ದು ಅಪ್ಪ. ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಕಾಣದಿದ್ದರೂ ಸದ್ದಿನಲ್ಲೇ ನಾನು ಎಲ್ಲಿ ಕೈ ಹಾಕಿದ್ದೇನೆಂದು ಅವರಿಗೆ ಗೊತ್ತಾಗುತ್ತಿತ್ತು.

"ತಪ್ಪು ಎಲ್ಲಿದೆ ಅಂತ ಹುಡುಕು ಮಗಳೇ. ಯಾರ್ದು ಅಂತ ಕೇಳ್ಬೇಡ," ಎಂದರು ಒಂದು ಸಂಜೆ.

"ಕೇಳೋದಕ್ಕೇ ಅಪ್ಪಾ ಹುಡುಕ್ತಿರೋದು."

ಹಾಗಾದರೆ ಹಿಂದಿನ ಎಡಬಾಗಿಲಿನ ಸ್ವಿಚ್ಚು ಬಿಚ್ಚು ಎಂದರು.

ಬಿಚ್ಚಿದೆ. ನಾಲ್ಕು ಬಾಗಿಲುಗಳ ಸ್ವಿಚ್ಚುಗಳನ್ನೂ ಬಿಚ್ಚಿ, ತುಕ್ಕು ಕೆರೆದು, ಮತ್ತೆ ಕೂರಿಸಿದೆ. ನೆಲದ ಮ್ಯಾಟು ಎತ್ತಿ, ಸೀಟಿನ ಕೆಳಗೆ ಹೋಗುವ ಬಟ್ಟೆ ಸುತ್ತಿದ ಹಳೆಯ ವೈರನ್ನು ಬೆರಳಲ್ಲಿ ಸವರಿಕೊಂಡು ಹೋದೆ. ಎಲ್ಲಾದರೂ ಇಲಿ ಕಡಿದಿದೆಯೇ, ಬಿರುಕು ಬಿಟ್ಟಿದೆಯೇ ಎಂದು ನೋಡಿದೆ. ಎಲ್ಲ ಸರಿಯಿತ್ತು. ಬಾಗಿಲು ಹಾಕಿದರೆ ನನ್ನ ಬಲ್ಬು ಆರಿಯೇ ಇರುತ್ತಿತ್ತು. ದೊಡ್ಡಪ್ಪ ಭಾನುವಾರ ಬಂದಾಗಲೆಲ್ಲ ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿತ್ತು. ಕಿಟಕಿಯಿಂದ ತಲೆ ಹೊರಗೆ ಹಾಕಿ, "ಬಾಗಿಲು ಸರಿಯಾಗಿ ಹಾಕಿದ್ರೆ ಗಾಡಿಗೆ ಏನೂ ಆಗಲ್ಲಮ್ಮಾ" ಎಂದು ಹೋಗುತ್ತಿದ್ದರು. ಅದನ್ನೂ ಬರೆದಿಟ್ಟೆ.

ಗೌರಿ ಹಬ್ಬಕ್ಕೆ ಬಂದ ಅಕ್ಕ ಬಾಗಿನದ ಮೊರ ಕೆಳಗಿಟ್ಟು, ಈ ಸಲ ಅತ್ತೆ ನೆಂಟರ ಎದುರಿಗೇ ಆ ನೂಕುವ ಮಾತು ಆಡಿದರೆಂದು ಹೇಳಿದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮದುವೆಯ ದಿನವನ್ನು ಮೊದಲಿಂದ ಕೊನೆಯವರೆಗೂ ನೆನೆದುಕೊಂಡೆ. ಅವತ್ತು ಕಾರಿನಲ್ಲಿ ಇದ್ದು, ಈಗ ನನ್ನ ಪರೀಕ್ಷೆಯಲ್ಲಿ ಇಲ್ಲದ್ದು ಏನು? ಬ್ಯಾಟರಿ ಅದೇ, ದೀಪ ಅದೇ, ಬಾಗಿಲು ಅವೇ. ಇಲ್ಲದ್ದು ಹೂವು.

ಬೆಳಿಗ್ಗೆ ಮಾರುಕಟ್ಟೆಗೆ ಹೋಗಿ, ನೀರು ಚಿಮುಕಿಸಿ ತೊಟ್ಟಿಕ್ಕುತ್ತಿದ್ದ ದಪ್ಪ ಮಲ್ಲಿಗೆ ಹಾರ, ಸುಗಂಧರಾಜದ ಕುಚ್ಚು, ಮದುವೆಗೆ ತಂದಷ್ಟೇ ತಂದೆ. ಶೆಡ್ಡಿನಲ್ಲಿ ಕಾರಿಗೆ ಹೂವು ಕಟ್ಟುತ್ತಿರುವುದನ್ನು ಕಂಡ ಅಮ್ಮ, ಇವತ್ತೇನು ಆಯುಧಪೂಜೆಯೇ, ನಿನಗೇನಾಗಿದೆಯೇ ಎಂದು ತಲೆ ಚಚ್ಚಿಕೊಂಡಳು. ಅವತ್ತು ಕಟ್ಟಿದ ಹಾಗೆಯೇ ಕಟ್ಟಿದೆ. ಚಾವಣಿಯ ನಡುವೆ, ದೀಪದ ಪಕ್ಕದಲ್ಲಿ, ಒಂದು ಹಿತ್ತಾಳೆಯ ಕೊಕ್ಕೆ ಇತ್ತು. ಹಾರಗಳೆಲ್ಲ ಅದರಿಂದಲೇ ಇಳಿಬಿದ್ದು ನಾಲ್ಕು ಮೂಲೆಗೂ ಹೋಗಬೇಕು. ಬಾಗಿಲು ಹಾಕಿ ಮುಂದೆ ಬಂದು, ಬ್ಯಾಟರಿಗೆ ಸೇರಿಸಿದ್ದ ನನ್ನ ಬಲ್ಬು ನೋಡಿದೆ.

ಬಲ್ಬು ಉರಿಯುತ್ತಿತ್ತು.

ಹೂವು ತೆಗೆದೆ, ಆರಿತು. ಮತ್ತೆ ಹಾಕಿದೆ, ಹತ್ತಿತು. ಅಪ್ಪ ಕುರ್ಚಿಯಿಂದ, ಏನಾಯಿತೇ, ಯಾಕೆ ಉಸಿರು ಬಿಗಿ ಹಿಡಿದಿದ್ದೀಯ ಎಂದು ಕೇಳಿದರು.

ಚಾವಣಿಯ ಬಟ್ಟೆಯ ಅಂಚು ಬಿಡಿಸಿ ಕೈ ಹಾಕಿದೆ. ಬಟ್ಟೆಯ ಮೇಲೆ ಅಡ್ಡಕ್ಕೊಂದು ಮರದ ಪಟ್ಟಿ, ಪಟ್ಟಿಯ ಗುಂಟ ದೀಪದಿಂದ ಬಾಗಿಲಿನ ಸ್ವಿಚ್ಚಿಗೆ ಹೋಗುವ ವೈರು, ಅದರ ಮೇಲೆ ಕಾರಿನ ತಗಡು. ಕೊಕ್ಕೆಯ ಉದ್ದ ಸ್ಕ್ರೂ ಪಟ್ಟಿಯನ್ನು ತೂರಿ, ವೈರಿನ ಮೇಲುಹೊದಿಕೆ ಸುಲಿದು, ತಗಡಿನಿಂದ ಕೂದಲೆಳೆಯಷ್ಟು ದೂರದಲ್ಲಿ ನಿಂತಿತ್ತು. ಕೊಕ್ಕೆಗೆ ಭಾರ ಬಿದ್ದರೆ ಸ್ಕ್ರೂ ಓರೆಯಾಗಿ ತಗಡಿಗೆ ತಾಗುತ್ತಿತ್ತು; ಬಾಗಿಲು ತೆಗೆದಾಗ ಸ್ವಿಚ್ಚು ಮಾಡುವುದೂ ಅದನ್ನೇ, ವೈರನ್ನು ತಗಡಿಗೆ ಸೇರಿಸುವುದು. ಆಗ ಬಾಗಿಲು ತೆಗೆದಿದ್ದರೂ ಒಂದೇ, ಹಾಕಿದ್ದರೂ ಒಂದೇ, ದೀಪ ಉರಿಯುತ್ತದೆ. ಮದುವೆಯ ದಿನ ದೀಪ ಆರಿದ್ದು ದೊಡ್ಡಪ್ಪ ಬಾಗಿಲು ಬಡಿದದ್ದಕ್ಕಲ್ಲ. ಅದಕ್ಕೆ ಮೊದಲು ಹೂವು ಕಿತ್ತು ಹಾಕಿದ್ದರಲ್ಲ, ಅದಕ್ಕೆ.

ಆ ಕೊಕ್ಕೆ ಯಾರದೆಂದು ಕೇಳಬೇಕಾಗಿರಲಿಲ್ಲ. ನವಿಲಿನ ಆಕಾರದ್ದು. ದೊಡ್ಡಪ್ಪನ ಮನೆಯ ದೇವರಕೋಣೆಯಲ್ಲಿ ನಂದಾದೀಪ ತೂಗುತ್ತಿದ್ದದ್ದು. ಮದುವೆಗೆ ಮೂರು ದಿನ ಮುಂಚೆ ಅದನ್ನು ತಂದು, ಹೂವು ಕಟ್ಟಲು ಆಧಾರ ಬೇಕು, ಬೇರೆ ಯಾರೂ ಕೈ ಹಾಕಬೇಡಿ ಎಂದು ತಾವೇ ತಿರುಗಿಸಿದ್ದರು. ಮದುವೆ ಮನೆಗೆ ಬಂದವರನ್ನೆಲ್ಲ ಕಾರಿನ ಹತ್ತಿರ ಕರೆದೊಯ್ದು ತೋರಿಸಿದ್ದರು.

ಈಗಲೇ ಫೋನು ಮಾಡಿ ಹೇಳಿಬಿಡು ಎಂದಳು ಅಮ್ಮ. ನಾನು ಒಪ್ಪಲಿಲ್ಲ. ಎಲ್ಲರ ಎದುರಿಗೆ ಬಿದ್ದ ಮಾತು ಎಲ್ಲರ ಎದುರಿಗೇ ಹೋಗಬೇಕು. ಬಟ್ಟೆಯ ಅಂಚನ್ನು ಮೊದಲಿನಂತೆ ಸಿಕ್ಕಿಸಿ, ಕೊಕ್ಕೆಯನ್ನು ಮುಟ್ಟದೆ ಬಿಟ್ಟು, ಒಳದೀಪಕ್ಕೆ ಹೊಸ ಬಲ್ಬು ಹಾಕಿ, ಅದರ ಗಾಜನ್ನು ಸೋಪು ಹಚ್ಚಿ ತೊಳೆದೆ. ಆಮೇಲೆ ಮಲ್ಲೇಶ್ವರಕ್ಕೆ ಹೋಗಿ, ಅಕ್ಕನ ಅತ್ತೆಗೆ ಕುಂಕುಮ ಕೊಟ್ಟು, ಆಯುಧಪೂಜೆಗೆ ಮನೆಯವರೆಲ್ಲ ಬರಬೇಕೆಂದು ಕರೆದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ನೂಕಕ್ಕೆ ಜನ ಬೇಕಾ ಎಂದರು. ಹೌದು ಅತ್ತೆ, ಬನ್ನಿ ಎಂದೆ.

ನಮ್ಮ ಮನೆಯಲ್ಲಿ ಕಾರಿನ ಪೂಜೆ ಯಾವಾಗಲೂ ದೊಡ್ಡಪ್ಪನದೇ. ಅವತ್ತು ಸಂಜೆ ಅವರು ಬಾನೆಟ್ಟಿಗೆ ವಿಭೂತಿ ಬಳಿದು, ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟರು. ನಾನು ಮಲ್ಲಿಗೆಯ ಹಾರ ತಂದು ಅವರ ಕೈಗೆ ಕೊಟ್ಟೆ. ಎರಡು ಕೈಯಲ್ಲಿ ಹಿಡಿಯಬೇಕಾದಷ್ಟು ದಪ್ಪದ್ದು, ಒದ್ದೆಯದ್ದು. ನಿಮ್ಮ ಕೊಕ್ಕೆಗೆ ನೀವೇ ಹಾಕಬೇಕು ಎಂದೆ. ಅವರಿಗೆ ಖುಷಿಯಾಯಿತು. ಒಳಗೆ ಕೂತು ನವಿಲಿಗೆ ಹಾರ ತೂಗುಹಾಕಿ, ಹೊರಗೆ ಬಂದು ಬಾಗಿಲು ಹಾಕಿದರು.

ದೀಪ ಉರಿಯುತ್ತಲೇ ಇತ್ತು.

"ದೊಡ್ಡಪ್ಪಾ, ಬಾಗಿಲು ಸರಿಯಾಗಿ ಹಾಕಿದೀರಾ?" ಎಂದೆ.

ಅವರು ಮತ್ತೊಮ್ಮೆ ಬಡಿದು ಹಾಕಿದರು. ಉರಿಯುತ್ತಿತ್ತು. ನಾಲ್ಕನ್ನೂ ಹಾಕಿ ನೋಡಿ ಎಂದೆ. ಸುತ್ತು ಬಂದು ನಾಲ್ಕನ್ನೂ ಬಡಿದರು. ಅಕ್ಕ, ಭಾವ, ಅತ್ತೆ, ಅಪ್ಪ, ಅಮ್ಮ ಎಲ್ಲರೂ ಕಾರಿನ ಸುತ್ತ ನಿಂತಿದ್ದರು. ಗಾಜಿನೊಳಗೆ ದೀಪ ನಂದಾದೀಪದ ಹಾಗೆ ಉರಿಯುತ್ತಿತ್ತು. ಅಪ್ಪನಿಗೂ ಆ ಬೆಳಕಿನ ಮಬ್ಬು ಕಂಡಿರಬೇಕು, ಮುಖ ಅತ್ತಲೇ ಇತ್ತು.

ಮೊದಲು ಅರ್ಥವಾದದ್ದು ಅಕ್ಕನ ಅತ್ತೆಗೆ. ಆಕೆಯ ನಾಲಿಗೆ ಎಷ್ಟು ಚುರುಕೋ ಬುದ್ಧಿಯೂ ಅಷ್ಟೇ ಚುರುಕು.

"ಆ ಹೂವು ತೆಗೀರಿ ನೋಡಣ, ಬೀಗರೇ."

ದೊಡ್ಡಪ್ಪ ಹೂವು ತೆಗೆದು ಬಾಗಿಲು ಹಾಕಿದರು. ದೀಪ ಆರಿತು.

"ಹಾಕಿ." ಹಾಕಿದರು. ಹತ್ತಿತು.

"ಅವತ್ತೂ ಇದೇನಾ? ನಿಮ್ಮ ಕೊಕ್ಕೆ ಮಾಡಿದ ಕೆಲ್ಸಕ್ಕೆ ಹುಡುಗೀನ ಅಂದ್ರಲ್ರೀ. ನನ್ ಮಗನ್ ಕೈಲಿ ಗಾಡಿ ನೂಕಿಸಿದೋರು ನೀವಾ ಹಂಗಾದ್ರೆ?"

ದೊಡ್ಡಪ್ಪ ಹಾರವನ್ನು ಮತ್ತೆ ಇಳಿಸಿ ಕೈಯಲ್ಲಿ ಹಿಡಿದುಕೊಂಡು ನಿಂತರು. ನೀರು ಅವರ ಜುಬ್ಬದ ಮೇಲೆ ತೊಟ್ಟಿಕ್ಕುತ್ತಿತ್ತು. ಸ್ಕ್ರೂ ಸ್ವಲ್ಪ ಉದ್ದವಾಯಿತೇನೋ ಎಂದು ಗೊಣಗಿದರು. ನಾನು ಕಾದೆ. ಅವತ್ತು ಛತ್ರದ ಮುಂದೆ ಹೇಳಿದ್ದನ್ನು ಇಲ್ಲಿ ವಾಪಸು ತೆಗೆದುಕೊಳ್ಳಲಿ ಎಂದು ಕಾದೆ. ತೆಗೆದುಕೊಳ್ಳಲಿಲ್ಲ. ಕೈ ಮುಂದೆ ಚಾಚಿದೆ. ಅವರು ಜೇಬಿನಿಂದ ಕೀ ತೆಗೆದು, ನನ್ನ ಕೈಗೆ ಕೊಡದೆ, ಪೂಜೆಯ ತಟ್ಟೆಯಲ್ಲಿ ಕುಂಕುಮದ ಪಕ್ಕ ಇಟ್ಟರು. ನಾನು ತಟ್ಟೆಯಿಂದ ಎತ್ತಿಕೊಂಡೆ.

ಅಕ್ಕನ ಮನೆಯವರನ್ನು ಮಲ್ಲೇಶ್ವರಕ್ಕೆ ಬಿಡಲು ಹೊರಟಾಗ ದೊಡ್ಡಪ್ಪ ಗೇಟಿನ ಹತ್ತಿರ ನಿಂತಿದ್ದರು. ತಮ್ಮನ್ನು ನಾನು ಹನುಮಂತನಗರಕ್ಕೆ ಬಿಟ್ಟು ಹೋಗುತ್ತೇನೆ ಎಂದುಕೊಂಡಿದ್ದರು. ನನ್ನ ಪಕ್ಕದ ಸೀಟು ಖಾಲಿಯಿತ್ತು. ಜಾಗ ಇಲ್ಲ ದೊಡ್ಡಪ್ಪ ಎಂದು ಹೇಳಿ ಹೊರಟೆ. ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಹಿಂದೆ ಕೂತ ಅತ್ತೆ ಮಲ್ಲೇಶ್ವರದವರೆಗೂ ನಗುತ್ತಿದ್ದರು. ನೂಕುವ ಮಾತು ಆಮೇಲೆ ಆ ಮನೆಯಲ್ಲಿ ಬರಲಿಲ್ಲ. ಅಮ್ಮ ಮಾತ್ರ, ದೊಡ್ಡವರನ್ನು ಬೀದಿಯಲ್ಲಿ ಬಿಟ್ಟು ಬಂದೆಯಲ್ಲೇ ಎಂದು ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು. ಇವತ್ತಿಗೂ ನನಗೆ ಅದರ ಬಗ್ಗೆ ಏನೂ ಅನಿಸುವುದಿಲ್ಲ.

ಮರುದಿನ ಆ ಕೊಕ್ಕೆಯನ್ನು ಬಿಚ್ಚಿ, ವೈರಿಗೆ ಹೊಸ ಟೇಪು ಸುತ್ತಿದೆ. ನವಿಲನ್ನು ನಮ್ಮ ಮನೆಯ ಹೊಸಿಲು ದಾಟಿದ ಕೂಡಲೇ ಎದುರಾಗುವ ಗೋಡೆಗೆ, ದೊಡ್ಡಪ್ಪನ ಕಣ್ಣಿನ ಎತ್ತರಕ್ಕೆ ಸರಿಯಾಗಿ ಹೊಡೆದೆ. ಕಾರಿನ ಕೀ ಅದಕ್ಕೇ ತೂಗುಹಾಕುತ್ತೇನೆ. ಯುಗಾದಿಗೆ ಬಂದಾಗ ದೊಡ್ಡಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದು ಅದರ ಎದುರು ನಿಂತರು. ದೇವರಕೋಣೆಯ ದೀಪ ಅಂದಿನಿಂದ ನೆಲದ ಮೇಲೇ ಇದೆ, ನಿನ್ನ ದೊಡ್ಡಮ್ಮ ದಿನಾ ಕೇಳುತ್ತಾಳೆ, ಕೊಟ್ಟುಬಿಡು ಎಂದರು.

"ಕೊಡ್ತೀನಿ ದೊಡ್ಡಪ್ಪಾ," ಎಂದೆ. "ಅವತ್ತು ಇದ್ದೋರನ್ನೆಲ್ಲ ಕರೀತೀನಿ. ಬಾಗಿಲು ಇವಳು ಸರಿಯಾಗೇ ಹಾಕಿದ್ಲು ಅಂತ ಒಂದು ಮಾತು ಹೇಳಿ, ಬಿಚ್ಕೊಂಡು ಹೋಗಿ."

ಅವರು ಒಳಗೆ ಹೋಗಿ ಅಪ್ಪನ ಪಕ್ಕ ಕೂತು ಬೇವುಬೆಲ್ಲ ತಿಂದರು. ಕೊಕ್ಕೆ ಇನ್ನೂ ಇಲ್ಲೇ ಇದೆ.