ವಿಮಾನ ಕಟ್ಟುವ ಕಾಕಾ

ಕಾಕಾ ಎದುರಿಗಿದ್ದವರ ಪಾದ ನೋಡಿ ಮಾತಾಡುತ್ತಿದ್ದರು. ಕತ್ತು ತುಸು ಬಾಗಿಸಿ, ಬಿದಿರು ಸೀಳುವಾಗ ಎಂದೋ ಒಡೆದ ಹೆಬ್ಬೆರಳಿನ ಉಗುರನ್ನು ಸವರುತ್ತ ನಿಲ್ಲುತ್ತಿದ್ದರು. ದೃಷ್ಟಿ ನಿಮ್ಮ ಚಪ್ಪಲಿ ಬಿಟ್ಟು ಮೇಲೇರುತ್ತಿರಲಿಲ್ಲ. ಹೊಸಬರು ಅದನ್ನು ಸಂಕೋಚ ಎಂದುಕೊಳ್ಳುತ್ತಿದ್ದರು. ಆದರೆ ಅವರು ಸತ್ತವರ ಅಳತೆಯನ್ನು ಕಣ್ಣಿನಲ್ಲೇ ತೆಗೆದು ಬದುಕಿದ ಮನುಷ್ಯ. ಬದುಕಿದ್ದವರನ್ನು ಅದೇ ಕಣ್ಣಿನಿಂದ ಮೇಲೆ ಕೆಳಗೆ ನೋಡಿದರೆ ಅವರ ಎದೆ ಝಲ್ಲೆನ್ನುತ್ತದೆಂದು ಅವರಿಗೆ ಗೊತ್ತಿತ್ತು. ಮದುವೆ ಮನೆಗಳಲ್ಲಿ ಗೆಳೆಯರು ಕಾಡುತ್ತಿದ್ದರು:

“ಕಾಕಾ, ಇತ್ತಾಗ ನೋಡಬ್ಯಾಡ್ರಿಪಾ, ನಂದಿನ್ನಾ ಟೈಮ್ ಐತಿ.”

“ನಿನ್ನ ಅಳತಿ ಹೋದ ವರ್ಷನ ತಗೊಂಡೇನಿ,” ಎನ್ನುತ್ತಿದ್ದರು ಕಾಕಾ, ನೆಲ ನೋಡಿಕೊಂಡೇ. “ಹೊಟ್ಟಿ ಬೆಳಸಬ್ಯಾಡ, ಅಷ್ಟ.”

ಅವರ ಅಂಗಡಿ ಗೋಕಾಕದ ಹಳೆಯ ಪೇಟೆಯಲ್ಲಿ, ಅವರ ತಂದೆ ಹಾಕಿದ್ದು. ನಮ್ಮ ಕಡೆ ಬಸವಣ್ಣನ ದಾರಿಯಲ್ಲಿ ನಡೆಯುವ ಮನೆಗಳಲ್ಲಿ ತೀರಿಕೊಂಡವರನ್ನು ಮಲಗಿಸಿ ಒಯ್ಯುವುದಿಲ್ಲ. ಬಿದಿರಿನಿಂದ ಕಟ್ಟಿ ಹೂವು, ಬಾಳೆದಿಂಡು, ಬಣ್ಣದ ಕಾಗದದಿಂದ ಸಿಂಗರಿಸಿದ ವಿಮಾನದಲ್ಲಿ ಕೂರಿಸಿ, ಹೆಗಲ ಮೇಲೆ ಹೊತ್ತು ಒಯ್ಯುತ್ತಾರೆ. ಕುಣಿಯೊಳಗೆ ಕೊರೆದ ಗೂಡಿನಲ್ಲೂ ಕೂರಿಸಿಯೇ ಮಣ್ಣು ಕೊಡುತ್ತಾರೆ. ಕಾಕಾ ವಿಮಾನ ಕಟ್ಟುತ್ತಿದ್ದರು, ಮಗ ಗಾಡಿ ಹೊಡೆಯುತ್ತಿದ್ದ, ಸೊಸೆ ಹೂವು ವಿಭೂತಿ ಹೊಂದಿಸಿ ಫೋನ್ ಹಿಡಿಯುತ್ತಿದ್ದಳು.

ನಾನು ಪತ್ರಿಕೆಯೊಂದರ ತಾಲ್ಲೂಕು ವರದಿಗಾರ. ನಿಧನ ವಾರ್ತೆಗಾಗಿ ದಿನವೂ ಆ ಅಂಗಡಿಗೆ ಹೋಗುತ್ತಿದ್ದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಮ್ಮೆ ಕಾಕಾನ ಜೊತೆ ತುಕ್ಕಾನಟ್ಟಿಯ ಮನೆಯೊಂದಕ್ಕೆ ಹೋದವನು ಪುಸ್ತಕ ತೆರೆದು, ನಿಂತಲ್ಲಿಂದಲೇ, ಗಂಡನನ್ನು ಕಳೆದುಕೊಂಡ ಹೆಣ್ಣುಮಗಳಿಗೆ ಆತನ ವಯಸ್ಸೆಷ್ಟು ಎಂದು ಕೇಳಿಬಿಟ್ಟೆ. ಕಾಕಾ ನನ್ನ ಅಂಗಿಯ ತೋಳು ಹಿಡಿದು ಕೆಳಗೆ ಜಗ್ಗಿದರು.

“ನಿಂತ ಕೇಳಬ್ಯಾಡ ತಮ್ಮಾ, ಪೊಲೀಸರಂಗ ಕಾಣತೈತಿ. ಕುಂದ್ರು. ನಿನ್ನೆ ಏನ ಉಂಡಿದ್ರು ಅಂತ ಕೇಳು. ವಯಸ್ಸ ತಾನ ಬರತೈತಿ.”

ಕೂತು ಕೇಳಿದೆ. ಆಕೆ ಎರಡು ರೊಟ್ಟಿ, ಪುಂಡಿಪಲ್ಲೆಯಿಂದ ಆರಂಭಿಸಿ ಅವನ ಕುರಿಗಳವರೆಗೆ ಹೇಳಿದಳು. ನಡುವೆ ಎಲ್ಲೋ ವಯಸ್ಸೂ ಬಂತು. ನನಗೆ ಬರುವ ವರದಿಗಾರಿಕೆಯಲ್ಲಿ ಒಂದು ದೊಡ್ಡ ಪಾಲು ಅಂದು ಆ ಪಡಸಾಲೆಯಲ್ಲಿ ಕಲಿತದ್ದು.

ಸತ್ತವರನ್ನು ಮುಟ್ಟುವ ಮೊದಲು ಕಾಕಾ ಅವರಿಗೆ ಹೇಳುತ್ತಿದ್ದರು: “ಅವ್ವಾರ, ಈಗ ಕೈ ಹಚ್ಚತೇನ್ರಿ.” ಆಸ್ಪತ್ರೆಯಿಂದ ಯಾರೇ ಫೋನ್ ಮಾಡಿದರೂ ಅವರಿಗೂ ಒಂದು ಮಾತು ಇದ್ದೇ ಇರುತ್ತಿತ್ತು: “ಮೊಣಕಾಲ ಮಡಚಿ, ಬೆನ್ನಿಗೆ ದಿಂಬ ಕೊಟ್ಟು, ಕುಂದ್ರಿಸ್ಕೊಂಡ ಬರ್ರಿ.” ಉಸಿರು ನಿಂತ ಕೆಲವು ತಾಸುಗಳಲ್ಲಿ ಮೈ ಸೆಟೆಯುತ್ತದೆ. ಉದ್ದಕ್ಕೆ ಮಲಗಿಸಿ ತಂದರೆ ಆಮೇಲೆ ಕೂರಿಸಲಾಗುವುದಿಲ್ಲ. ಆಗ ಕೆಲವೆಡೆ ನಾಲ್ಕು ಜನ ಸೇರಿ ಮೊಣಕಾಲು ಒತ್ತಿ ಮಡಚುವುದುಂಟು. ಆ ಸದ್ದನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ.

ನನ್ನ ತಂದೆ ಬೆಳಗಾವಿಯ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಕಾಕಾ ತಾವಾಗಿಯೇ ಫೋನ್ ಮಾಡಿ ನನಗೂ ಆ ಮಾತು ಹೇಳಿದರು. ಹ್ಞೂಂ ಎಂದೆ. ಅಷ್ಟರಲ್ಲಿ ಆಸ್ಪತ್ರೆಯವರು ಕೊಟ್ಟ ಕಾಗದದಲ್ಲಿ ತಂದೆಯ ವಯಸ್ಸು ಅರವತ್ತೇಳರ ಬದಲು ಎಪ್ಪತ್ತಾರು ಎಂದಿರುವುದು ಕಣ್ಣಿಗೆ ಬಿತ್ತು. ಅದನ್ನು ತಿದ್ದಿಸದೆ ಹೊರಡುವುದಿಲ್ಲ ಎಂದು ಹಟ ಹಿಡಿದೆ. ಒಂದು ಕೋಣೆಯಿಂದ ಇನ್ನೊಂದಕ್ಕೆ ಅಲೆದು, ಮೂರು ತಾಸು ಕಳೆದು, ಸರಿಯಾದ ಕಾಗದ ಕಿಸೆಯಲ್ಲಿಟ್ಟುಕೊಂಡು ಹೊರಬಂದೆ. ತಂದೆಯನ್ನು ಗಾಡಿಯಲ್ಲಿ ಉದ್ದಕ್ಕೆ ಮಲಗಿಸಿದ್ದರು. ಪಕ್ಕದಲ್ಲೇ ಕೂತು ಬಂದೆ. ಕಾಕಾನ ಮಾತು ನನಗೆ ನೆನಪಾದದ್ದು ಮೇಲವಂಕಿಯಲ್ಲಿ, ನಮ್ಮ ಮನೆಯ ಅಂಗಳದಲ್ಲಿ, ತಂದೆಯನ್ನು ಕೆಳಗಿಳಿಸಿದಾಗ.

ತಂದೆಯ ಅಣ್ಣ, ನನ್ನ ದೊಡ್ಡಪ್ಪ, ಊರಲ್ಲಿ ಮಾತು ನಡೆಯುವ ಹಿರಿಯರು. ಅವರು ತಮ್ಮನ ಕಾಲು ಮುಟ್ಟಿ ನೋಡಿ ಸಿಡಿದೆದ್ದರು.

“ಕಟ್ಟಿಗಿ ಆಗ್ಯಾನಲ್ಲೋ! ಯಾರ ತಂದದ್ದು ಇಂವನ್ನ ಹಿಂಗ ಉದ್ದಕ?”

ಆಗಲೇ ಇಬ್ಬರು ಹುಡುಗರು ಮೊಣಕಾಲ ಮೇಲೆ ಕೈಯಿಟ್ಟು ಒತ್ತತೊಡಗಿದ್ದರು. ಬಾಗಿಲಲ್ಲಿದ್ದ ಅವ್ವ ಕೂಗಿದಳು: “ಬ್ಯಾಡ್ರೋ! ಆ ಮೊಣಕಾಲ ಅವರಿಗೆ ಮೊದಲ ಬ್ಯಾನಿ ಐತಿ.”

ಮೊದಲೇ ಬಂದು ವಿಮಾನ ಕಟ್ಟಿ ಕಾಯುತ್ತಿದ್ದ ಕಾಕಾ ಆ ಹುಡುಗರ ಕೈ ತೆಗೆಸಿದರು. ತಲೆಯೆತ್ತಿ ನನ್ನ ಮುಖ ನೋಡಿದರು. ಅವರು ನನ್ನನ್ನು ಹಾಗೆ ನೋಡಿದ್ದು ಅದೊಂದೇ ಸಲ. ಮರುಕ್ಷಣ ದೊಡ್ಡಪ್ಪನ ಕಡೆ ತಿರುಗಿದರು.

“ತಪ್ಪ ನಂದ್ರಿ ಯಜಮಾನ್ರ. ಫೋನಿನ್ಯಾಗ ಹೇಳಬೇಕಾಗಿತ್ತು, ಮರ್ತೆ.”

“ಊರಿಗೆಲ್ಲಾ ಹೇಳಾಂವ, ನನ್ನ ತಮ್ಮಗಷ್ಟ ಮರ್ತೇನ?”

“ಹೌದ್ರಿ. ಮರ್ತೆ.”

ನಾನು ಅಲ್ಲೇ ಇದ್ದೆ. ಏನೂ ಹೇಳಲಿಲ್ಲ.

ಕಾಕಾ ಬಿಸಿನೀರು ಕಾಯಿಸಲು ಹೇಳಿದರು. ಅರಿವೆ ಅದ್ದಿ ಹಿಂಡಿ ಮೊಣಕಾಲಿಗೆ, ಸೊಂಟಕ್ಕೆ ಸುತ್ತಿದರು. ಆರಿದೊಡನೆ ತೆಗೆದು ಮತ್ತೊಂದು ಸುತ್ತಿದರು. ನಡುನಡುವೆ ಅಂಗೈಯಿಂದ ತಿಕ್ಕುತ್ತ, ಶಾಲೆ ಕಲಿಸಿ ನಿವೃತ್ತರಾಗಿದ್ದ ನನ್ನ ತಂದೆಯೊಡನೆ ಮಾತಾಡುತ್ತಿದ್ದರು: “ಮಾಸ್ತರ್ರ, ಗಡಿಬಿಡಿ ಇಲ್ರಿ. ಸಾವಕಾಶ ಬಿಡ್ರಿ. ಯಾರೂ ಹೋಗೂದಿಲ್ಲ, ಎಲ್ಲಾರೂ ಕುಂತೇವಿ.” ತಾಸು, ತಾಸೂವರೆ ಹಾಗೇ ಕಳೆಯಿತು. ಮೊಣಕಾಲುಗಳು ಒಂದೊಂದಾಗಿ ಮಡಚಿಕೊಂಡವು. ಸೊಂಟ ಮಾತ್ರ ಅರ್ಧಕ್ಕೆ ನಿಂತಿತು.

“ಒತ್ತ್ರಿ ಇನ್ನೊಂದೀಟು,” ಎಂದರು ದೊಡ್ಡಪ್ಪ. “ನಮ್ಮಾಂವ ನೆಟ್ಟಗ ಕುಂದ್ರಬೇಕು.”

“ಇನ್ನ ಒತ್ತಿದ್ರ ಮುರೀತೈತ್ರಿ. ನಾ ಅವರನ್ನ ಮುರಿಯಂಗಿಲ್ಲ. ವಿಮಾನ ಮುರೀತೇನಿ.”

ಹಾಗೆಂದವರೇ ಕಟ್ಟಿ ಮುಗಿಸಿದ್ದ ವಿಮಾನದ ಹಿಂಬದಿಯ ಹುರಿ ಬಿಚ್ಚಿದರು. ಬೆನ್ನಿನ ಬಿದಿರುಗಳನ್ನು ಹಿಂದಕ್ಕೆ ವಾಲಿಸಿ, ಆರಾಮಕುರ್ಚಿಯ ಹಾಗೆ ಮತ್ತೆ ಕಟ್ಟಿದರು. ತಮ್ಮ ಮಗನನ್ನು ಕುಣಿ ತೋಡುತ್ತಿದ್ದ ನಮ್ಮ ಹೊಲಕ್ಕೆ ಓಡಿಸಿ, ಕುಣಿಯ ಗೂಡಿನ ಹಿಂಗೋಡೆಯನ್ನೂ ಅಷ್ಟೇ ಇಳಿಜಾರಾಗಿ ಕೆತ್ತಲು ಹೇಳಿ ಕಳಿಸಿದರು. ತಂದೆ ಒರಗಿ ಕೂತರು. ಅವ್ವ ಹತ್ತಿರ ಬಂದು ಬಹಳ ಹೊತ್ತು ನೋಡಿದಳು.

“ಪೇಪರ್ ಓದಾಕ ಕುಂತಂಗ ಕಾಣತಾರ,” ಎಂದಳು.

ದೊಡ್ಡಪ್ಪ ಮಾತ್ರ ಮರೆಯಲಿಲ್ಲ. ‘ಅಂವಗ ಈಗ ಮರವು ಬಂದೈತಿ’ ಎಂದು ಕಂಡಲ್ಲೆಲ್ಲ ಹೇಳಿದರು. ಮೇಲವಂಕಿಯವರು ಮೂಡಲಗಿಯಿಂದ ಬೇರೆಯವರನ್ನು ಕರೆಸತೊಡಗಿದರು. ಆ ಊರಿನ ಹಾದಿ ಕಾಕಾನ ಗಾಡಿಗೆ ಹೆಚ್ಚುಕಡಿಮೆ ಮುಚ್ಚಿಹೋಯಿತು.

ಇದು ತಿಳಿದ ದಿನ ಅಂಗಡಿಗೆ ಹೋಗಿ, ನಿಜ ಹೇಳಿಬಿಡುತ್ತೇನೆ ಎಂದೆ. ಕಾಕಾ ಬಿದಿರು ಸೀಳುತ್ತಿದ್ದರು. ಕೈ ನಿಲ್ಲಿಸಲಿಲ್ಲ.

“ಈಗ ಬ್ಯಾಡ. ಸಾವಿನ ಮನ್ಯಾಗ ಸಿಟ್ಟ ತೀರಿಸಾಕ ಒಬ್ಬಾಂವ ಬೇಕಾಗತಾನ. ನಾ ಹೊರಗಿನಾಂವ, ಬೈಸಿಕೊಂಡ ಅಂಗಡಿಗೆ ಬರತೇನಿ. ನೀ ಅದ ಮನ್ಯಾಗ ಉಣಬೇಕು. ದುಃಖ ಆರಲಿ, ಆಮ್ಯಾಲ ಹೇಳು.”

ದುಃಖ ಆರಿತು. ನಾನು ಹೇಳಲಿಲ್ಲ. ಪತ್ರಿಕೆಯಲ್ಲಿ ಒಂದು ಹೆಸರು ತಪ್ಪಾದರೂ ಮರುದಿನವೇ ತಿದ್ದುಪಡಿ ಹಾಕಿಸುವವನು ನಾನು. ಇದಕ್ಕೆ ಹನ್ನೊಂದು ವರ್ಷ ತೆಗೆದುಕೊಂಡೆ. ಮೊದಮೊದಲು ದೊಡ್ಡಪ್ಪನ ಸಿಟ್ಟಿಗೆ ಹೆದರಿದೆ. ಆಮೇಲೆ, ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂಬ ಪ್ರಶ್ನೆಗೆ ಹೆದರಿದೆ. ಕಾಕಾ ಮತ್ತೆಂದೂ ಆ ಮಾತೆತ್ತಲಿಲ್ಲ. ಹೋದಾಗಲೆಲ್ಲ ಚಹಾ ತರಿಸಿ, ಅಂದು ಹೋದವರ ಹೆಸರು ಬರೆಸುತ್ತಿದ್ದರು.

ಹೋದ ತಿಂಗಳು ಕಾಕಾ ಮನೆಯಲ್ಲೇ, ಬೆಳಗಿನ ಚಹಾ ಕುಡಿದು ಒರಗಿದವರು ಏಳಲಿಲ್ಲ. ವಿಮಾನವನ್ನು ಸೊಸೆಯೇ ಕಟ್ಟಿದಳು. ಯಮಕನಮರಡಿಯಿಂದ, ಹುಕ್ಕೇರಿಯಿಂದ, ಅವರು ಎಂದೋ ಕೂರಿಸಿ ಕಳಿಸಿದವರ ಮನೆಯವರು ಬಂದಿದ್ದರು. ಮೇಲವಂಕಿಯಿಂದ ದೊಡ್ಡಪ್ಪನೂ ಕೋಲೂರುತ್ತ ಬಂದರು. ಅವರಿಗೀಗ ಎಂಬತ್ತು ದಾಟಿದೆ. ಪೆಂಡಾಲಿನ ಕೆಳಗೆ ಕೂತು, ಪಕ್ಕದವರಿಗೆ ಕೇಳುವಂತೆ ಹೇಳಿದರು:

“ಕೈ ಭಾಳ ಚಲೋ ಇತ್ತು. ಒಮ್ಮೆ ಮರ್ತ ನೋಡ್ರಿ, ಅದೂ ನನ್ನ ತಮ್ಮನ ಪಾಲಿಗೆ.”

ಹೂವಿನ ಸರ ಬಿಗಿಯುತ್ತಿದ್ದ ಸೊಸೆಯ ಕೈ ನಿಂತಿತು. ಆಕೆ ತಿರುಗಿ ನೋಡಲಿಲ್ಲ.

“ಕಾಕಾ ಮರ್ತಿರಲಿಲ್ಲ, ದೊಡ್ಡಪ್ಪಾ,” ಎಂದೆ. “ಫೋನ್ ಮಾಡಿ ಹೇಳಿದ್ರು. ನಾ ಹ್ಞೂಂ ಅಂದಿದ್ದೆ. ಮರ್ತಾಂವ ನಾ.”

ದೊಡ್ಡಪ್ಪ ನನ್ನನ್ನೇ ನೋಡಿದರು.

“ಹನ್ನೊಂದ ವರ್ಷ ನಾ ಆ ಮನಷ್ಯಾನ್ನ ಬೈಕೋತ ತಿರಗಿದ್ನಲ್ಲೋ. ಅಂವ ಜೀವಂತ ಇದ್ದಾಗ ಹೇಳಾಕ ಬಾಯಿ ಇರಲಿಲ್ಲೇನ ನಿನಗ?”

ಉತ್ತರಕ್ಕೆ ಅವರು ಕಾಯಲಿಲ್ಲ. ಎದ್ದು ಕೋಲನ್ನು ನನ್ನ ಕೈಗಿತ್ತು, ವಿಮಾನವನ್ನು ಹೊರುವ ಮುಂದಿನ ಬಿದಿರಿನ ಕಡೆ ನಡೆದರು. ಹೊರಲು ನಿಂತಿದ್ದವರು ತಡೆದರು: “ಅಜ್ಜಾರ, ನಿಮ್ಮ ಕೈಲೆ ಆಗಂಗಿಲ್ರಿ.”

“ಬಾಜೂಕ ಸರೀರಿ,” ಎಂದರು ದೊಡ್ಡಪ್ಪ. “ನಾ ಹೊರಬೇಕು.”

ಸೊಸೆ ಒಂದು ಟವೆಲನ್ನು ನಾಲ್ಕು ಮಡಿಕೆ ಮಾಡಿ ಅವರ ಹೆಗಲ ಮೇಲಿಟ್ಟಳು. ಉಳಿದ ಮೂವರಿಗೆ, “ಅಜ್ಜಾರು ನಡದಂಗ ನಡೀರಿ,” ಎಂದಳು. ಸ್ಮಶಾನ ದೂರವಿರಲಿಲ್ಲ. ಆದರೂ ನಾಲ್ಕು ಕಡೆ ಇಳಿಸಿ, ಮತ್ತೆ ಎತ್ತಿ ಹೋಗಬೇಕಾಯಿತು. ದೊಡ್ಡಪ್ಪ ಹೆಗಲು ಬದಲಿಸಿದರೇ ಹೊರತು ಯಾರಿಗೂ ಬಿಟ್ಟುಕೊಡಲಿಲ್ಲ. ಅವರ ಕೋಲು ಹಿಡಿದು ನಾನು ಹಿಂದೆ ನಡೆದೆ.